ತಿಂಗಳು ತುಂಬದ ಕೂಸಿಗೆ ತಾಯಿಯ ದನಿ

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ, ಮನೆಯವರು ತಿಂಗಳು ತುಂಬದ ಕೂಸು ಎನ್ನುತ್ತಾರೆ. ಅಂಥ ಒಂದು ಕೂಸು 28ನೇ ವಾರಕ್ಕೆ ಹುಟ್ಟಿ, ಎರಡು ಮೂರು ತಿಂಗಳು ಆಸ್ಪತ್ರೆಯಲ್ಲೇ ಇದ್ದು, ಸಹಜವಾಗಿ ಹುಟ್ಟಬೇಕಿದ್ದ ದಿನದ ಹೊತ್ತಿಗೆ ಮನೆಗೆ ಹೊರಟಿದೆ ಎಂದುಕೊಳ್ಳೋಣ. ಅದೇ ದಿನ ಇನ್ನೊಂದು ಮಗು ದಿನ ತುಂಬಿ ಹುಟ್ಟಿದೆ. ಗರ್ಭ ನಿಂತಂದಿನಿಂದ ಎಣಿಸಿದರೆ ಇಬ್ಬರದೂ ಒಂದೇ ವಯಸ್ಸು. ಇಬ್ಬರ ಮೆದುಳೂ ಮನುಷ್ಯರ ದನಿಗೆ ಒಂದೇ ರೀತಿ ಸ್ಪಂದಿಸುತ್ತದೆಯೇ? ತಾಯಿಯ ದನಿಯನ್ನು ಪರಕೀಯಳ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆಯೇ? ಇದಕ್ಕೆ ಸಿಕ್ಕಿರುವ ಎರಡು ಉತ್ತರಗಳು ಎದುರುಬದುರು ನಿಂತಿವೆ. 2004ರಲ್ಲಿ ಥೆರಿಯನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಅಧ್ಯಯನ, ದಿನ ತುಂಬಿದ ಮಕ್ಕಳಲ್ಲಿ ಕಾಣುವ ತಾಯಿ-ಪರಕೀಯಳ ವ್ಯತ್ಯಾಸ ತಿಂಗಳು ತುಂಬದೆ ಹುಟ್ಟಿದವರ ಮೆದುಳಿನ ಅಲೆಗಳಲ್ಲಿ ಕಾಣುವುದಿಲ್ಲ ಎಂದಿತು. 2020ರಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನ ಇದಕ್ಕೆ ತದ್ವಿರುದ್ಧವಾಗಿ, ತಿಂಗಳು ತುಂಬದ ಮಕ್ಕಳ ಮೆದುಳೇ ದನಿಗೆ ಹೆಚ್ಚು ವಿಸ್ತಾರವಾಗಿ ಸ್ಪಂದಿಸುತ್ತದೆ ಎಂದಿತು.

ಇದು ಪ್ರಯೋಗಾಲಯದೊಳಗೇ ಮುಗಿಯುವ ವಾದವಲ್ಲ. 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ತಿಂಗಳು ತುಂಬದೆ ಹುಟ್ಟಿದರೆಂಬ ಅಂದಾಜಿದೆ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇವರಲ್ಲಿ ಬಹುಪಾಲು ಮಕ್ಕಳು ಬದುಕಿ, ಬೆಳೆದು, ಶಾಲೆಗೆ ಹೋಗುತ್ತಾರೆ. ಆದರೆ ತೀರ ಮುಂಚೆ ಹುಟ್ಟಿದವರ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ನಡೆದ ವಿಶ್ಲೇಷಣೆ ಕಳವಳಪಡುವಂಥ ಒಂದು ಸಂಗತಿಯನ್ನು ಮುಂದಿಟ್ಟಿತು. ಸಂಕೀರ್ಣ ಭಾಷಾ ಸಾಮರ್ಥ್ಯದಲ್ಲಿ ಈ ಮಕ್ಕಳು ಹಿಂದೆ ಬೀಳುತ್ತಾರೆ, ಮತ್ತು 3ರಿಂದ 12ರ ವಯಸ್ಸಿನ ನಡುವೆ ಆ ಅಂತರ ಮುಚ್ಚುವುದರ ಬದಲು ಹಿಗ್ಗುತ್ತದೆ. ಇದರ ಬೇರು ಇನ್‌ಕ್ಯುಬೇಟರಿನ ದಿನಗಳಲ್ಲೇ ಇದ್ದರೆ, ದನಿಗೆ ಮೆದುಳು ಕೊಡುವ ಮೊದಲ ಸ್ಪಂದನೆಗಳಲ್ಲೇ ಅದರ ಸುಳಿವು ಸಿಗಬೇಕು. ಈ ನಂಬಿಕೆಯೇ ಕಳೆದ ನಾಲ್ಕು ದಶಕಗಳ ಹುಡುಕಾಟವನ್ನು ನಡೆಸಿದೆ. ಆ ಹುಡುಕಾಟದಲ್ಲಿ ಮೂರು ಬಗೆಯ ವಿವರಣೆಗಳು ರೂಪುಗೊಂಡಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದೆರಡನ್ನು ಬಿಡುವಂತಿಲ್ಲ, ಏಕೆಂದರೆ ದನಿ ಕೇಳುವುದು ಒಂದೇ ಕೆಲಸವಲ್ಲ. ಅದರೊಳಗಿನ ಬೇರೆ ಬೇರೆ ಕೆಲಸಗಳು ಬೇರೆ ಬೇರೆ ಗಡುವಿಗೆ ಬೆಳೆಯುತ್ತವೆ, ಅಕಾಲ ಜನನವೂ ಒಂದೊಂದನ್ನು ಒಂದೊಂದು ರೀತಿ ಮುಟ್ಟುತ್ತದೆ ಎಂಬುದೇ ಈ ಲೇಖನದ ವಾದ.

ಬಸಿರೊಳಗಿನ ಕಿವಿ

ಹುಟ್ಟುವ ಮೊದಲೇ ಮಗು ಕೇಳುತ್ತದೆ ಎಂಬುದಕ್ಕೆ ಗಟ್ಟಿ ಪ್ರಯೋಗದ ಆಧಾರ ಸಿಕ್ಕಿದ್ದು 1980ರಲ್ಲಿ. ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹುಟ್ಟಿ ಮೂರು ದಿನವೂ ಆಗದ ಹತ್ತು ಮಕ್ಕಳನ್ನು ಪರೀಕ್ಷಿಸಿದರು. ಮಗುವಿನ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟು, ಕಿವಿಗೆ ಹೆಡ್‌ಫೋನ್. ಹಸುಗೂಸುಗಳು ಒಂದೇ ಸಮನೆ ಚೀಪುವುದಿಲ್ಲ. ಒಂದಿಷ್ಟು ಚೀಪಿ, ತಡೆದು, ಮತ್ತೆ ಚೀಪುತ್ತವೆ. ಮೊದಲು ಪ್ರತಿ ಮಗುವಿನ ಈ ಬಿಡುವು ಸಾಮಾನ್ಯವಾಗಿ ಎಷ್ಟು ಹೊತ್ತಿನದೆಂದು ಅಳೆದರು. ಆಮೇಲೆ ಕೆಲವು ಮಕ್ಕಳಿಗೆ ಬಿಡುವು ಹಿಗ್ಗಿಸಿದರೆ ತಾಯಿಯ ದನಿ, ಕುಗ್ಗಿಸಿದರೆ ಬೇರೆ ಹೆಂಗಸಿನ ದನಿ ಕೇಳುವಂತೆ ಮಾಡಿದರು. ಉಳಿದವರಿಗೆ ಇದನ್ನೇ ತಿರುವುಮುರುವಾಗಿಸಿದರು. ಹತ್ತರಲ್ಲಿ ಎಂಟು ಮಕ್ಕಳು ತಾಯಿಯ ದನಿ ಬರುವ ಕಡೆಗೆ ತಮ್ಮ ಚೀಪುವ ಲಯವನ್ನು ಬದಲಿಸಿಕೊಂಡವು. ತಾಯಿಯೊಡನೆ ಕೆಲವೇ ಗಂಟೆ ಕಳೆದಿದ್ದ ಮಕ್ಕಳಿವು. ಬಸಿರಿನಲ್ಲಿದ್ದಾಗಲೇ ಕಲಿತಿರಬೇಕು ಎಂಬ ಊಹೆಗೆ ಆಮೇಲಿನ ವರ್ಷಗಳಲ್ಲಿ ಬಲ ಬಂತು. 2003ರಲ್ಲಿ ಬಾರ್ಬರಾ ಕಿಸಿಲೆವ್‌ಸ್ಕಿ ಮತ್ತು ಸಂಗಡಿಗರು ದಿನ ತುಂಬಿದ ಗರ್ಭದ ಮೇಲೆ ಧ್ವನಿಮುದ್ರಿಕೆ ಹಾಕಿ ನೋಡಿದಾಗ, ತಾಯಿಯ ದನಿಗೆ ಮಗುವಿನ ಎದೆಬಡಿತ ಏರಿತು, ಪರಕೀಯಳ ದನಿಗೆ ಇಳಿಯಿತು.

ಬಸಿರಿನೊಳಕ್ಕೆ ಹೊರಗಿನ ಸದ್ದು ಇದ್ದಂತೆ ತಲುಪುವುದಿಲ್ಲ. ತಾಯಿಯ ಹೊಟ್ಟೆಯ ಮಾಂಸ, ಗರ್ಭದ ನೀರು ಕೀರಲು ಸದ್ದುಗಳನ್ನು ತಡೆದು, ತಗ್ಗು ಸದ್ದುಗಳನ್ನು ಒಳಬಿಡುತ್ತವೆ. ಹಾಗಾಗಿ ಮಾತಿನ ಏರಿಳಿತ, ಲಯ, ರಾಗ ಮಗುವಿಗೆ ಚೆನ್ನಾಗಿ ಕೇಳುತ್ತವೆ, ವ್ಯಂಜನಗಳ ಮೊನಚು ಮಾತ್ರ ಮಸುಕಾಗುತ್ತದೆ. ತಾಯಿಯ ದನಿಗಾದರೆ ಗಾಳಿಯ ದಾರಿಯ ಜೊತೆಗೆ ಮೈಯೊಳಗಿನ ದಾರಿಯೂ ಇದೆ. ಮೂಳೆ ಮಾಂಸಗಳ ಮೂಲಕ ಅದು ನೇರವಾಗಿ ಮಗುವನ್ನು ಮುಟ್ಟುತ್ತದೆ. ಒಳಗಿವಿ ಕೆಲಸಕ್ಕೆ ಸಜ್ಜಾಗುವುದು ಸುಮಾರು 24-25ನೇ ವಾರಕ್ಕೆ. ಸದ್ದಿಗೆ ಬೆಚ್ಚಿ ರೆಪ್ಪೆ ಬಡಿಯುವುದು ಎಲ್ಲ ಭ್ರೂಣಗಳಲ್ಲೂ ತಪ್ಪದೆ ಕಾಣುವುದು 28ನೇ ವಾರದ ಈಚೆಗೆ. ತಗ್ಗು ಸದ್ದಿಗೆ ಮೊದಲು, ಕೀರಲು ಸದ್ದಿಗೆ ಆಮೇಲೆ ಸ್ಪಂದನೆ ಹುಟ್ಟುತ್ತದೆ. ಇದೇ ವಾರಗಳಲ್ಲಿ ಮೆದುಳಿನ ಆಳದಿಂದ ಬಂದ ನರತಂತುಗಳು ಹೊರಪದರದ ಬಾಗಿಲಲ್ಲಿ ಕಾದಿದ್ದು ಒಳಸೇರಲು ತೊಡಗುತ್ತವೆ. 28ನೇ ವಾರಕ್ಕೆ ಹುಟ್ಟಿದ ಮಗು, ಕೇಳುವ ಈ ವ್ಯವಸ್ಥೆಯನ್ನು ಕಟ್ಟುತ್ತಿರುವಾಗಲೇ ಹೊರಜಗತ್ತಿಗೆ ಬಂದುಬಿಡುತ್ತದೆ.

ಅಷ್ಟು ಎಳೆಯ ಮೆದುಳು ದನಿಯಲ್ಲಿ ಏನನ್ನಾದರೂ ಹಿಡಿದೀತೇ ಎಂಬ ಅನುಮಾನಕ್ಕೆ 2013ರಲ್ಲಿ ಫ್ರಾನ್ಸಿನ ಅಮಿಯಾಂ ನಗರದಿಂದ ಉತ್ತರ ಬಂತು. 28ರಿಂದ 32 ವಾರಕ್ಕೆ ಹುಟ್ಟಿದ ಮಕ್ಕಳ ಪುಟ್ಟ ತಲೆಗೆ, ಹುಟ್ಟಿದ ಕೆಲವೇ ದಿನಗಳಲ್ಲಿ, ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕದ ಏರಿಳಿತ ಅಳೆಯುವ ಸಲಕರಣೆಯನ್ನು ಮೆತ್ತಗೆ ಕಟ್ಟಿದರು. ಮಗು ನಿದ್ದೆಯಲ್ಲಿರುವಾಗಲೇ 'ಬ' 'ಗ' ಎಂಬ ಅಕ್ಷರಗಳನ್ನು ಕೇಳಿಸಿದರು. ನಡುವೆ ಒಮ್ಮೆ ಅಕ್ಷರ ಬದಲಿಸಿದರು, ಒಮ್ಮೆ ಗಂಡು ದನಿಯ ಬದಲು ಹೆಣ್ಣು ದನಿ ಇಟ್ಟರು. ಮಹಮೂದ್‌ಜಾದೆ, ದೆಹೆನ್-ಲಾಂಬೆರ್ಟ್ಸ್, ವಾಲ್ವಾ ಮುಂತಾದವರ ಈ ತಂಡಕ್ಕೆ ಎರಡೂ ಬದಲಾವಣೆಗಳಿಗೆ ಮೆದುಳು ಸ್ಪಂದಿಸಿದ್ದು ಕಂಡಿತು. ಹೊರಪದರದ ಪದರಗಳಿನ್ನೂ ಪೂರ್ತಿ ಜೋಡಣೆಯಾಗಿರದ ಕಾಲದಲ್ಲೇ, ಏನು ಹೇಳಿದರು ಮತ್ತು ಯಾರು ಹೇಳಿದರು ಎಂಬೆರಡು ವ್ಯತ್ಯಾಸಗಳನ್ನೂ ಅದು ಹಿಡಿಯುತ್ತದೆ. ಹಾಗೆಂದರೆ ತಿಂಗಳು ತುಂಬದ ಮಗುವಿಗೆ ದನಿಯ ಸಲಕರಣೆಯೇ ಇಲ್ಲ ಎನ್ನುವಂತಿಲ್ಲ. ಆ ಸಲಕರಣೆ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬಲ್ಲಿಂದ ಭಿನ್ನಾಭಿಪ್ರಾಯ ಶುರುವಾಗುತ್ತದೆ.

ಕೊರತೆಯ ವಾದ

ಎಲ್ಲಕ್ಕಿಂತ ಹಳೆಯದು, ಜನರ ಮನಸ್ಸಿಗೆ ಬೇಗ ಹತ್ತುವುದು ಕೊರತೆಯ ವಾದ. ಬಸಿರಿನ ಕೊನೆಯ ಮೂರು ತಿಂಗಳು ತಾಯಿಯ ದನಿಯ ಶಾಲೆ. ಮುಂಚೆ ಹುಟ್ಟಿದ ಮಗು ಆ ಶಾಲೆಯನ್ನು ಅರ್ಧಕ್ಕೇ ಬಿಟ್ಟಂತೆ. ಬದಲಿಗೆ ಸಿಗುವುದು ವೆಂಟಿಲೇಟರಿನ ಗಾಳಿ, ಮಾನಿಟರುಗಳ ಎಚ್ಚರಿಕೆಯ ಬೀಪ್, ಇನ್‌ಕ್ಯುಬೇಟರಿನ ಕಿಂಡಿ ಮುಚ್ಚುವಾಗಿನ ಹೊಡೆತ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಸದ್ದು 45 ಡೆಸಿಬಲ್ ದಾಟಬಾರದು ಎಂದಿತ್ತು. ನಿಜ ವಾರ್ಡುಗಳಲ್ಲಿ ಅದು ದಾಟುತ್ತಲೇ ಇರುತ್ತದೆ. 2004ರ ಥೆರಿಯನ್ ಅಧ್ಯಯನ ಈ ವಾದಕ್ಕೆ ಮುಖ್ಯ ಆಸರೆ. 2013ರಲ್ಲಿ ಜಪಾನಿನ ನಾವೊಯಿ ಮತ್ತು ಸಂಗಡಿಗರು ದಿನ ತುಂಬುವ ವಯಸ್ಸಿಗೆ ಬಂದ ಅವಧಿಪೂರ್ವ ಶಿಶುಗಳಿಗೆ ಮಾತು ಕೇಳಿಸಿದಾಗ ಮೆದುಳಿನ ಬಲ ಕಪೋಲ ಹಾಲೆಯ (ಟೆಂಪೊರಲ್ ಭಾಗದ) ಸ್ಪಂದನೆ ಕಡಿಮೆಯಿತ್ತು. ಎಡ-ಬಲ ಭಾಗಗಳ ನಡುವಣ ಹೊಂದಾಣಿಕೆ ಮಾತ್ರ ಹೆಚ್ಚಿತ್ತು. ದನಿಯ ಭಾವ, ಏರಿಳಿತಗಳಿಗೆ ಬಲಭಾಗ ಮುಖ್ಯವೆಂದು ತಿಳಿದಿರುವುದರಿಂದ ಇದನ್ನು ಹಗುರವಾಗಿ ಕಾಣಲಾಗದು.

ಮೆದುಳಿನ ರಚನೆಯಿಂದಲೂ ಇಂಥದೇ ಸಾಕ್ಷ್ಯ ಬಂದಿದೆ. ಬ್ರಯನ್ ಮಾನ್ಸನ್ ಮತ್ತು ಸಂಗಡಿಗರು 2018ರಲ್ಲಿ ಎಂಆರ್‌ಐ ಮೂಲಕ ಶ್ರವಣದ ಹೊರಪದರದ ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಹಿಂಬಾಲಿಸಿದರು. ಸದ್ದನ್ನು ಮೊದಲು ಸ್ವೀಕರಿಸುವ ಭಾಗ ದಿನ ತುಂಬುವ ಮೊದಲೇ ಬಹುಮಟ್ಟಿಗೆ ಹದಕ್ಕೆ ಬರುತ್ತದೆ. ಅದರ ಸುತ್ತಲಿನ, ಸದ್ದಿಗೆ ಅರ್ಥ ಕಟ್ಟುವ ಭಾಗ ನಿಧಾನವಾಗಿ ಬೆಳೆಯುತ್ತದೆ. ತೀರ ಮುಂಚೆ ಹುಟ್ಟಿದವರಲ್ಲಿ ಏರುಪೇರು ಎದ್ದು ಕಂಡದ್ದು ಈ ಎರಡನೆಯ ಭಾಗದಲ್ಲಿ, ಮತ್ತು ಎರಡನೆ ವರ್ಷದ ಭಾಷೆಯ ಅಂಕಗಳಿಗೂ ಅದಕ್ಕೂ ನಂಟಿತ್ತು.

ಈ ವಾದ ವಿವರಿಸುವುದು ಬಹಳ: ಭಾಷೆಯ ಹಿನ್ನಡೆ, ರಚನೆಯ ವ್ಯತ್ಯಾಸ, ತಾಯಿಯ ದನಿಗೆ ಮಂದವಾದ ಸ್ಪಂದನೆ. ಆದರೆ ಅದರಲ್ಲೊಂದು ಬಿರುಕಿದೆ. ಕೊರತೆಯೆಂದರೆ ಯಾವುದರ ಕೊರತೆ? ಬಸಿರಿನ ಮಸುಕು ದನಿಯ ಕೊರತೆಯೇ, ವಾರ್ಡಿನಲ್ಲಿ ಆಡುಮಾತಿನ ಕೊರತೆಯೇ, ಅಥವಾ ದನಿಗೆ ಸಂಬಂಧವೇ ಇಲ್ಲದ, ಮುಂಚೆ ಹುಟ್ಟಿದ್ದರಿಂದಲೇ ಮೆದುಳಿಗಾದ ಪೆಟ್ಟೇ? ತೀರ ಚಿಕ್ಕ ಮಕ್ಕಳಿಗೆ ಮೆದುಳಿನೊಳಗೆ ರಕ್ತಸ್ರಾವ, ಬಿಳಿಭಾಗದ ಹಾನಿ, ಸೋಂಕು, ಕಾಮಾಲೆ ಎಲ್ಲವೂ ಬರಬಹುದು. ಸೋಂಕಿಗೆ ಕೊಡುವ ಜೆಂಟಮೈಸಿನ್‌ನಂಥ ಔಷಧಿಯೇ ಕಿವಿಗೆ ಹಾನಿ ಮಾಡಬಲ್ಲದು. ಇವನ್ನೆಲ್ಲ ಬೇರ್ಪಡಿಸದೆ ದನಿಯ ಕೊರತೆಯನ್ನೇ ಕಾರಣವೆಂದು ಹೇಳುವುದು ಅವಸರ.

ಪಕ್ವತೆಯ ವಾದ

ಎರಡನೆಯ ಪಂಥ ಪ್ರಶ್ನೆಯನ್ನೇ ತಿರುಗಿಸುತ್ತದೆ. ಮುಂಚೆ ಹುಟ್ಟಿದ ಮಗುವಿಗೆ ಹೊರಜಗತ್ತಿನ ಮಾತು ಮೂರು ತಿಂಗಳು ಮೊದಲೇ, ವ್ಯಂಜನಗಳ ಮೊನಚಿನ ಸಮೇತ ಸಿಗುತ್ತದೆ. ಕಲಿಕೆಗೆ ಅನುಭವವೊಂದೇ ಸಾಕಾಗಿದ್ದರೆ ಈ ಮಕ್ಕಳು ಮುಂದಿರಬೇಕಿತ್ತು. ಚಿಲಿಯ ಮಾರ್ಸೆಲಾ ಪೆನ್ಯಾ ಇದನ್ನೇ ಪರೀಕ್ಷೆಗೆ ಒಡ್ಡಿದರು. ಸುಮಾರು ಮೂರು ತಿಂಗಳು ಮುಂಚೆ ಹುಟ್ಟಿದ, ಆದರೆ ಮೆದುಳಿಗೆ ಬೇರೆ ಪೆಟ್ಟಾಗದ ಆರೋಗ್ಯವಂತ ಮಕ್ಕಳನ್ನು ಆರಿಸಿಕೊಂಡದ್ದು ಅವರ ಅಧ್ಯಯನದ ದೊಡ್ಡ ಬಲ. ಕೊರತೆಯ ವಾದವನ್ನು ಕಾಡುವ ಗೊಂದಲ ಇಲ್ಲಿ ಬಹುಪಾಲು ತಪ್ಪಿದೆ. ತಮ್ಮ ಭಾಷೆಯನ್ನು ಲಯದಲ್ಲಿ ಅದಕ್ಕೆ ಹತ್ತಿರವಾದ ಬೇರೆ ಭಾಷೆಯಿಂದ ಬೇರ್ಪಡಿಸುವ ಮೆದುಳಿನ ಗುರುತು, ದಿನ ತುಂಬಿದವರಲ್ಲಿ ಆರು ತಿಂಗಳಿಗೆ ಕಾಣುತ್ತದೆ. ಮುಂಚೆ ಹುಟ್ಟಿದವರಲ್ಲಿ ಅದು ಕಂಡದ್ದು ಹುಟ್ಟಿದ ಒಂಬತ್ತು ತಿಂಗಳಿಗೆ, ಅಂದರೆ ಗರ್ಭದಿಂದ ಎಣಿಸಿದರೆ ಅದೇ ವಯಸ್ಸಿಗೆ. ಮೂರು ತಿಂಗಳ ಹೆಚ್ಚುವರಿ ಕೇಳ್ಮೆ ಈ ಗಡುವನ್ನು ಒಂದಿಷ್ಟೂ ಹಿಂದಕ್ಕೆ ಎಳೆಯಲಿಲ್ಲ. 2010ರ ಈ ಫಲಿತಾಂಶವನ್ನು ಅವರೇ 2012ರಲ್ಲಿ ಜಾನೆಟ್ ವರ್ಕರ್ ಮತ್ತು ದೆಹೆನ್-ಲಾಂಬೆರ್ಟ್ಸ್ ಜೊತೆ ವ್ಯಂಜನಗಳ ವಿಷಯದಲ್ಲೂ ತೋರಿಸಿದರು.

ವ್ಯಂಜನದ ಪ್ರಯೋಗ ಕನ್ನಡಿಗರಿಗೆ ಸುಲಭವಾಗಿ ಹೊಳೆಯುವಂಥದು. ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದ್ದರು. ನಮ್ಮ ಮಕ್ಕಳು ಎಂದೂ ಕಳೆದುಕೊಳ್ಳದ ಈ ಭೇದವನ್ನು ಆ ಕೂಸುಗಳೂ ಆರೆಂಟು ತಿಂಗಳಲ್ಲಿ ಹಿಡಿಯುತ್ತಿದ್ದವು. ಹತ್ತು-ಹನ್ನೆರಡು ತಿಂಗಳ ಹೊತ್ತಿಗೆ ಬಿಟ್ಟುಬಿಟ್ಟವು, ಏಕೆಂದರೆ ಅವರ ಭಾಷೆಗೆ ಅದು ಬೇಕಿರಲಿಲ್ಲ. ಬೇಡದ ಭೇದವನ್ನು ಬಿಟ್ಟುಕೊಡುವುದೂ ಭಾಷೆ ಕಲಿಯುವ ಒಂದು ಹೆಜ್ಜೆ. ಮುಂಚೆ ಹುಟ್ಟಿದವರು ಮಾತನ್ನು ಹೆಚ್ಚು ದಿನ ಕೇಳಿದ್ದರೂ ಈ ಹೆಜ್ಜೆಯನ್ನು ಬೇಗ ಇಡಲಿಲ್ಲ. ಮೆದುಳಿನ ಬೆಳವಣಿಗೆಯ ಗಡುವೇ ಇಲ್ಲಿ ನಿರ್ಣಾಯಕವಾಯಿತು.

ಈ ವಾದ ಅಷ್ಟಕ್ಕೇ ಗೆದ್ದಿತೆಂದುಕೊಂಡರೆ ಪ್ಯಾರಿಸ್ಸಿನಿಂದ ಬಂದ ಇನ್ನೊಂದು ಫಲಿತಾಂಶ ಅಡ್ಡ ಬರುತ್ತದೆ. ಪದದಲ್ಲಿ ಯಾವ ವ್ಯಂಜನ ಮೊದಲು, ಯಾವುದು ಆಮೇಲೆ ಬರುವುದು ತಮ್ಮ ಭಾಷೆಯಲ್ಲಿ ವಾಡಿಕೆ ಎಂಬುದನ್ನು ಮಕ್ಕಳು ಹತ್ತು ತಿಂಗಳೊಳಗೆ ಕಲಿಯುತ್ತಾರೆ. ಗೊನ್ಸಾಲೆಸ್-ಗೋಮೆಸ್ ಮತ್ತು ನಾಝಿ 2012ರಲ್ಲಿ ನೋಡಿದಂತೆ, ಹುಟ್ಟಿ ಹತ್ತು ತಿಂಗಳಾದ ಅವಧಿಪೂರ್ವ ಮಕ್ಕಳು ಹತ್ತು ತಿಂಗಳ ದಿನ ತುಂಬಿದ ಮಕ್ಕಳಂತೆಯೇ ನಡೆದುಕೊಂಡರು, ಏಳು ತಿಂಗಳವರಂತೆ ಅಲ್ಲ. ಇಲ್ಲಿ ಲೆಕ್ಕಕ್ಕೆ ಬಂದದ್ದು ಕೇಳಿದ ಮಾತಿನ ಮೊತ್ತ. ಎರಡು ಫಲಿತಾಂಶಗಳನ್ನು ಎದುರಾಳಿಗಳಾಗಿ ನೋಡಬೇಕಿಲ್ಲ. ಲಯದಂಥ ಸಂಗತಿಗಳಿಗೆ ಪಕ್ವತೆ ಬೇಕು. ಹೊರಗೆ ಬಂದ ಮೇಲಷ್ಟೇ ಸ್ಪಷ್ಟವಾಗಿ ಕೇಳುವ ವ್ಯಂಜನಗಳ ಸರಣಿಗೆ ಅನುಭವ ಬೇಕು. ಒಂದೇ ಮಗುವಿನಲ್ಲಿ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ.

ಅನುಭವದ ವಾದ

ಮೂರನೆಯ ಪಂಥಕ್ಕೆ ಜಿನೀವಾದ ಅಧ್ಯಯನವೇ ಕೇಂದ್ರ. ಅಲೆಕ್ಸಾಂಡ್ರಾ ಆಡಂ-ದಾರ್ಕ್, ಪೆತ್ರಾ ಹುಪ್ಪಿ ಮುಂತಾದವರು ಮೆದುಳಿನ ರಕ್ತದ ಹರಿವನ್ನು ತೋರಿಸುವ ಎಂಆರ್‌ಐ ಮತ್ತು ಅಲೆಗಳನ್ನು ಅಳೆಯುವ ಬಹುಬಿಂದು ಇಇಜಿ ಎರಡನ್ನೂ ಬಳಸಿ, ದಿನ ತುಂಬಿ ಹುಟ್ಟಿದವರನ್ನೂ ಅದೇ ವಯಸ್ಸು ತಲುಪಿದ ಅವಧಿಪೂರ್ವ ಶಿಶುಗಳನ್ನೂ ಹೋಲಿಸಿದರು. ಒಂದೇ ದನಿಯನ್ನು ಮತ್ತೆ ಮತ್ತೆ ಕೇಳಿಸಿ, ಥಟ್ಟನೆ ಇನ್ನೊಂದು ದನಿ ತಂದಾಗ ಮೆದುಳು ಆ ಬದಲಾವಣೆಯನ್ನು ಗಮನಿಸಿದ ಗುರುತು ಅಲೆಯಲ್ಲಿ ಮೂಡುತ್ತದೆ. ಫಿನ್‌ಲೆಂಡಿನ ರಿಸ್ತೊ ನ್ಯಾತಾನೆನ್ 1978ರಲ್ಲಿ ದೊಡ್ಡವರಲ್ಲಿ ವಿವರಿಸಿದ ಈ ಸ್ಪಂದನೆಗೆ ಗಮನ ಕೊಡಬೇಕಾದ ಅಗತ್ಯವೂ ಇಲ್ಲ, ನಿದ್ದೆಯಲ್ಲಿರುವ ಕೂಸಿಗೂ ಸಲ್ಲುತ್ತದೆ. ದಿನ ತುಂಬಿದ ಮಕ್ಕಳ ಮೆದುಳು ಪರಕೀಯ ದನಿಗೆ, ಅಂದರೆ ಹೊಸತಿಗೆ, ಹೆಚ್ಚು ಎಚ್ಚೆತ್ತಿತು. ಅವಧಿಪೂರ್ವ ಶಿಶುಗಳಲ್ಲಿ ದನಿಗೆ ಸ್ಪಂದಿಸುವ ಭಾಗಗಳೇ ಹೆಚ್ಚು ವ್ಯಾಪಕವಾಗಿದ್ದವು. ತಾಯಿಯ ದನಿಗೆ ಅವರಲ್ಲಿ ತಡವಾಗಿ ಮೂಡುವ ಒಂದು ಸ್ಪಂದನೆಯೂ ಕಂಡಿತು. ಅದನ್ನು ಸಂಶೋಧಕರು ನೆನಪಿನ ಬಲದಿಂದ ಗುರುತಿಸುವಿಕೆಯ ಮೊದಲ ಸುಳಿವು ಎಂದು ಓದಿದರು. ವಾರಗಟ್ಟಲೆ ಗಾಳಿಯಲ್ಲಿ ಬಂದ ನಿಜ ದನಿ ಕೇಳಿದ್ದು ಈ ಮಕ್ಕಳನ್ನು ಪಳಗಿಸಿರಬೇಕು ಎಂಬುದು ಅವರ ನಿಲುವು.

ಅನುಭವವನ್ನು ಬೇಕೆಂದೇ ಹೆಚ್ಚಿಸಿ ನೋಡಿದ ಪ್ರಯೋಗಗಳು ಇದಕ್ಕೆ ಜೊತೆಯಾಗುತ್ತವೆ. ಬಾಸ್ಟನ್ನಿನಲ್ಲಿ ಅಮೀರ್ ಲಹಾವ್ ತಂಡ 25ರಿಂದ 32 ವಾರಕ್ಕೆ ಹುಟ್ಟಿದ 40 ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆ ಮೂರು ಗಂಟೆ ತಾಯಿಯ ದನಿ ಮತ್ತು ಎದೆಬಡಿತದ ಮುದ್ರಿಕೆ ಕೇಳಿಸಿತು. ಸುಮಾರು ಒಂದು ತಿಂಗಳಿಗೆ ಅಲ್ಟ್ರಾಸೌಂಡಿನಲ್ಲಿ ಅವರ ಶ್ರವಣದ ಹೊರಪದರ ದಪ್ಪವಾಗಿತ್ತು, ಹೋಲಿಕೆಗೆಂದು ಅಳೆದ ಮೆದುಳಿನ ಬೇರೆ ಭಾಗಗಳಲ್ಲಿ ವ್ಯತ್ಯಾಸವಿರಲಿಲ್ಲ. ಹೆಲ್ಸಿಂಕಿಯಲ್ಲಿ ತಂದೆತಾಯಿ ಮಗುವನ್ನು ಎದೆಗವಚಿಕೊಂಡು ಕಾಂಗರೂ ಆರೈಕೆ ಕೊಡುವಾಗ ಹಾಡಿದರು. ದಿನ ತುಂಬುವ ವಯಸ್ಸಿಗೆ ಆ ಮಕ್ಕಳ ಮೆದುಳು ಮಾತಿನ ಬದಲಾವಣೆಗಳಿಗೆ ಉತ್ತಮವಾಗಿ ಸ್ಪಂದಿಸಿತೆಂದು 2021ರಲ್ಲಿ ವರದಿಯಾಯಿತು. ಜೋಗುಳವನ್ನು ಬಾಣಂತಿಕೋಣೆಯ ಸಹಜ ಭಾಗವೆಂದೇ ಬಲ್ಲ ನಮಗೆ ಇದು ಅಚ್ಚರಿಯಲ್ಲ. ಆದರೆ ಅದು ಮೆದುಳಿನ ಅಲೆಯಲ್ಲಿ ಅಳೆಯಸಿಕ್ಕಿತೆಂಬುದು ದೊಡ್ಡ ಸಂಗತಿ. 2025ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 46 ಶಿಶುಗಳಲ್ಲಿ ಕೆಲವರಿಗೆ ತಾಯಿ ಓದಿದ ಮಕ್ಕಳ ಕತೆಯ ಮುದ್ರಿಕೆಯನ್ನು ಪ್ರತಿ ರಾತ್ರಿ, ಒಟ್ಟು ಎರಡು ಗಂಟೆ ನಲವತ್ತು ನಿಮಿಷದಷ್ಟು, ಕೇಳಿಸಿತು. ಯಾರಿಗೆ ಕೇಳಿಸಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರಿಂದ ಈ ಫಲಿತಾಂಶಕ್ಕೆ ಹೆಚ್ಚಿನ ತೂಕವಿದೆ. ಭಾಷೆಗೆ ಮುಖ್ಯವಾದ ಎಡಭಾಗದ ನರಮಾರ್ಗವೊಂದು ದನಿ ಕೇಳಿದವರಲ್ಲಿ ಹೆಚ್ಚು ಪಕ್ವವಾಗಿತ್ತು.

ಹೆಚ್ಚು ಸ್ಪಂದಿಸಿದರೆ ಒಳ್ಳೆಯದೇ?

ಇಲ್ಲಿ ಅನುಭವವಾದಿಗಳು ಸುಲಭವಾಗಿ ದಾಟಿಹೋಗುವ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸ್ಪಂದನೆ ವ್ಯಾಪಕವಾಗಿದೆ ಎಂದರೆ ಅದು ಉತ್ತಮವೆಂದು ಅರ್ಥವೇ? ಬೆಳೆಯುತ್ತಿರುವ ಮೆದುಳು ಸಾಮಾನ್ಯವಾಗಿ ಹರಡಿದ ಸ್ಪಂದನೆಯಿಂದ ಕೇಂದ್ರೀಕೃತ ಸ್ಪಂದನೆಯ ಕಡೆಗೆ ಸಾಗುತ್ತದೆ. ಹಾಗಿದ್ದಾಗ ಹೆಚ್ಚು ಭಾಗಗಳು ಬೆಳಗುವುದು ಪಳಗಿದ ಕಿವಿಯ ಗುರುತಾಗಿರಬಹುದು, ಒಂದೇ ಕೆಲಸಕ್ಕೆ ಹೆಚ್ಚು ಶ್ರಮ ಪಡುವ ಮೆದುಳಿನ ಗುರುತೂ ಆಗಿರಬಹುದು.

ಹಕ್ಕಿಗಳ ಮೇಲಿನ ಹಳೆಯ ಪ್ರಯೋಗಗಳು ಇಲ್ಲಿ ಬೆಳಕು ಚೆಲ್ಲುತ್ತವೆ. ಗಿಲ್ಬರ್ಟ್ ಗಾಟ್ಲೀಬ್ ಬಾತುಮರಿಗಳಲ್ಲಿ, ರಾಬರ್ಟ್ ಲಿಕ್ಲಿಟರ್ 1990ರ ಸುಮಾರಿಗೆ ಲಾವಕ್ಕಿಯ ಜಾತಿಯ ಮರಿಗಳಲ್ಲಿ ತೋರಿಸಿದ್ದು, ಇಂದ್ರಿಯಗಳು ಎಚ್ಚರಗೊಳ್ಳುವುದಕ್ಕೆ ಒಂದು ಸರದಿ ಇದೆ ಎಂದು: ಮೊದಲು ಸ್ಪರ್ಶ, ಆಮೇಲೆ ಕೇಳ್ಮೆ, ಕೊನೆಗೆ ನೋಟ. ಮೊಟ್ಟೆಯೊಡೆಯುವ ಮೊದಲೇ ಕಣ್ಣಿಗೆ ಬೆಳಕು ಬಿದ್ದ ಮರಿಗಳು ತಾಯಿಯ ಕೂಗನ್ನು ಕಿವಿಯಿಂದಷ್ಟೇ ಗುರುತಿಸಿ ಹಿಂಬಾಲಿಸಲಿಲ್ಲ. ಅವಕ್ಕೆ ನೋಟವೂ ಜೊತೆಗೆ ಬೇಕಾಯಿತು. ನೋಟ-ಕೇಳ್ಮೆಗಳ ಬೆಸುಗೆ ಬೇಗ ಆಯಿತು, ಕೇಳ್ಮೆಯ ಸ್ವಂತ ಬಲ ಕುಂದಿತು. ಅಂದರೆ ಒಂದೇ ಅನುಭವ ಒಂದನ್ನು ಚುರುಕಾಗಿಸಿ ಇನ್ನೊಂದನ್ನು ಕೆಡಿಸಬಲ್ಲದು. ತಿಂಗಳು ತುಂಬದ ಮಗುವಿಗೂ ಬಸಿರಿನ ಕತ್ತಲೆಯ ಬದಲು ವಾರ್ಡಿನ ದೀಪ, ನೀರಿನ ಬದಲು ಸೂಜಿ ಮತ್ತು ಟೇಪು. ಪೆನ್ಯಾ ತಂಡವೇ 2014ರಲ್ಲಿ, ಬೇರೆಯವರ ನೋಟದ ದಿಕ್ಕನ್ನು ಹಿಂಬಾಲಿಸುವುದು ಆರೋಗ್ಯವಂತ ಅವಧಿಪೂರ್ವ ಮಕ್ಕಳಲ್ಲಿ ಬೇಗ ಬರುತ್ತದೆಂದು ತೋರಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಹಕ್ಕಿಯಿಂದ ಮನುಷ್ಯನಿಗೆ ನೇರ ಜಿಗಿತ ಸಲ್ಲದು ಎಂಬುದು ನಿಜ. ಆದರೂ ಹೆಚ್ಚು-ಕಡಿಮೆ ಎಂಬ ಒಂದೇ ಅಳತೆಗೋಲಿನಿಂದ ಈ ಮಕ್ಕಳನ್ನು ಅಳೆಯಬಾರದು ಎಂಬಷ್ಟನ್ನು ಅದು ಕಲಿಸುತ್ತದೆ.

2004 ಮತ್ತು 2020ರ ವಿರೋಧವೂ ಈ ದೃಷ್ಟಿಯಲ್ಲಿ ಸಡಿಲವಾಗುತ್ತದೆ. ಒಂದು ಅಧ್ಯಯನ ಒಂದು ಬಗೆಯ ಅಲೆಯನ್ನು ನೋಡಿತು, ಇನ್ನೊಂದು ಬೇರೆ ಅಲೆಯನ್ನೂ ರಕ್ತದ ಹರಿವನ್ನೂ ನೋಡಿತು. ಎರಡರ ನಡುವಣ ವರ್ಷಗಳಲ್ಲಿ ವಾರ್ಡುಗಳೂ ಬದಲಾದವು. ತಂದೆತಾಯಿಯರ ಪ್ರವೇಶ ಸಡಿಲವಾಯಿತು, ಎದೆಗವಚುವ ಆರೈಕೆ ಹರಡಿತು. ಹೀಗಾಗಿ ಒಂದು ಸುಳ್ಳು ಇನ್ನೊಂದು ನಿಜ ಎನ್ನಬೇಕಿಲ್ಲ. ಅವು ಬೇರೆ ಬೇರೆ ಆರೈಕೆ ಕಂಡ ಮಕ್ಕಳ ಬೇರೆ ಬೇರೆ ಚಿತ್ರಗಳಾಗಿರುವ ಸಾಧ್ಯತೆ ದೊಡ್ಡದು.

ಸದ್ದೋ, ಮೌನವೋ

ವಾರ್ಡುಗಳ ವಿನ್ಯಾಸದಲ್ಲಿ ಈ ಚರ್ಚೆ ಕೈಗೆ ಸಿಗುವ ರೂಪ ಪಡೆಯಿತು. ಗದ್ದಲ ಕೆಟ್ಟದ್ದಾದರೆ ಪ್ರತಿ ಮಗುವಿಗೂ ಪ್ರತ್ಯೇಕ ಕೋಣೆ ಕೊಡಿ ಎಂಬುದು ಸಹಜ ತೀರ್ಮಾನವಾಗಿತ್ತು. ಆದರೆ ಸೇಂಟ್ ಲೂಯಿಸ್‌ನಲ್ಲಿ ರಾಬರ್ಟಾ ಪಿನೆಡಾ ತಂಡ 2014ರಲ್ಲಿ ಕಂಡದ್ದು, ಒಂಟಿ ಕೋಣೆಯಲ್ಲಿದ್ದ ಮಕ್ಕಳ ಭಾಷೆಯ ಅಂಕ ಎರಡನೆ ವರ್ಷಕ್ಕೆ ತೆರೆದ ವಾರ್ಡಿನವರಿಗಿಂತ ಕಡಿಮೆ, ಮೆದುಳಿನ ಎಡ-ಬಲ ಭಾಗಗಳ ಸಹಜ ಅಸಮತೆಯೂ ಕಡಿಮೆ. ಮೌನವೂ ಹಾನಿ ಮಾಡಬಲ್ಲದು ಎಂಬ ಆತಂಕ ಹುಟ್ಟಿತು. ಅದೇ ಹೊತ್ತಿಗೆ ಪ್ರಾವಿಡೆನ್ಸ್ ನಗರದಿಂದ ಬ್ಯಾರಿ ಲೆಸ್ಟರ್ ತಂಡ ಒಂಟಿ ಕೋಣೆಯ ಮಕ್ಕಳೇ ಚೆನ್ನಾಗಿದ್ದಾರೆ ಎಂದಿತು. ಅಲ್ಲಿ ಆ ಲಾಭ ಬಂದದ್ದು ಮುಖ್ಯವಾಗಿ ತಾಯಿ ಹೆಚ್ಚು ಹೊತ್ತು ಮಗುವಿನ ಜೊತೆಗಿದ್ದುದರಿಂದ. ಕೋಣೆಯಲ್ಲಿ ತಾಯಿ ಇದ್ದರೆ ಅದು ಆಸರೆ, ಯಾರೂ ಇಲ್ಲದಿದ್ದರೆ ಬರಿಯ ನಿಶ್ಶಬ್ದ. ಅದೇ ಪ್ರಾವಿಡೆನ್ಸಿನ ಮೆಲಿಂಡಾ ಕ್ಯಾಸ್ಕಿ ಮತ್ತು ಬೆಟ್ಟಿ ವೋರ್, ಮಗುವಿನ ಬಳಿ ಇಟ್ಟ ಪುಟ್ಟ ರೆಕಾರ್ಡರಿನಿಂದ ಹದಿನಾರು ಗಂಟೆಗಳಲ್ಲಿ ಅದರ ಸುತ್ತ ದೊಡ್ಡವರಾಡಿದ ಪದಗಳನ್ನು ಎಣಿಸಿದರು. 32ನೇ ವಾರದಲ್ಲಿ ಹೆಚ್ಚು ಮಾತು ಕೇಳಿದವರು 7 ಮತ್ತು 18 ತಿಂಗಳಲ್ಲಿ ಉತ್ತಮ ಅಂಕ ಪಡೆದರು.

ಈ ಪುರಾವೆಗೆ ಇರುವ ಬಲವಾದ ಆಕ್ಷೇಪ ಸರಳವಾದದ್ದು: ಹೆಚ್ಚು ಬಂದು ಹೆಚ್ಚು ಮಾತಾಡುವ ತಾಯಿಗೆ ಬಿಡುವು, ಹಣ, ಓದು, ಮನೆಯವರ ನೆರವು ಎಲ್ಲವೂ ಹೆಚ್ಚಿರುತ್ತವೆ, ಲಾಭ ಅವುಗಳಿಂದ ಬಂದಿರಬಾರದೇಕೆ? ಒಪ್ಪಬೇಕಾದ ಮಾತು. ಅದಕ್ಕೇ ಯಾದೃಚ್ಛಿಕ ಪ್ರಯೋಗಗಳು ಮುಖ್ಯ, ಮತ್ತು ಅಲ್ಲಿ ಚಿತ್ರ ಸಾಧಾರಣವಾಗಿದೆ. ಸಂಗೀತ ಮತ್ತು ದನಿಯ 25 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2023ರ ಕಾಕ್ರೇನ್ ವಿಮರ್ಶೆ, ಮಗುವಿನ ಎದೆಬಡಿತ ಶಾಂತವಾಗುತ್ತದೆಂದು ಒಪ್ಪಿತು, ಆಮ್ಲಜನಕದ ಮಟ್ಟ ಸುಧಾರಿಸುವುದು ಕಾಣಲಿಲ್ಲ ಎಂದಿತು. ಮೆದುಳಿನ ದೀರ್ಘಾವಧಿ ಬೆಳವಣಿಗೆಯ ಬಗ್ಗೆ ದೊಡ್ಡ ಮಾತಾಡಲು ಅದು ಆಸ್ಪದ ಕೊಡುವುದಿಲ್ಲ. ಇನ್ನೊಂದು ಕಡೆ, ಮ್ಯಾನುವೆಲಾ ಫಿಲಿಪ್ಪಾ ಮತ್ತು ಸಂಗಡಿಗರು 2021ರಲ್ಲಿ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ತಾಯಿ ಮಾತಾಡಿದರೆ ಮಗುವಿನ ನೋವಿನ ಅಂಕ ಇಳಿಯುತ್ತದೆ, ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ ಎಂದು ತೋರಿಸಿದರು. ನನ್ನ ಲೆಕ್ಕದಲ್ಲಿ ಇಂಥ ತತ್‌ಕ್ಷಣದ, ಅಳೆಯಬಲ್ಲ ಲಾಭವೇ ಸದ್ಯಕ್ಕೆ ಹೆಚ್ಚು ಗಟ್ಟಿಯಾದದ್ದು. ಮೆದುಳಿನ ಚಿತ್ರಗಳಲ್ಲಿ ಕಂಡ ವ್ಯತ್ಯಾಸ ಮುಂದೆ ಶಾಲೆಯಲ್ಲಿ ಮಗುವಿನ ಮಾತಿಗೆ ನೆರವಾಗುತ್ತದೆಂಬ ಭರವಸೆಗೆ ಇನ್ನೂ ಆಧಾರ ಸಾಲದು.

ತೀರ್ಮಾನವಾಗದ ಪ್ರಶ್ನೆಗಳು

ಎಲ್ಲಕ್ಕಿಂತ ದೊಡ್ಡದು ಈ ಕೊಂಡಿಯ ಪ್ರಶ್ನೆಯೇ. ದಿನ ತುಂಬುವ ವಯಸ್ಸಿನಲ್ಲಿ ದನಿಗೆ ಮೂಡಿದ ಸ್ಪಂದನೆಯಿಂದ ಹತ್ತು ವರ್ಷದ ಭಾಷೆಯನ್ನು ಊಹಿಸಬಹುದೇ? ಬಹುತೇಕ ಅಧ್ಯಯನಗಳು ಕೆಲವೇ ಹತ್ತುಗಳಷ್ಟು ಮಕ್ಕಳನ್ನು ನೋಡಿವೆ, ಎರಡನೆ ವರ್ಷದ ಆಚೆ ಹಿಂಬಾಲಿಸಿದವು ವಿರಳ. ಎರಡನೆಯದು, ಮುದ್ರಿತ ದನಿಯೂ ಎದುರಿಗಿರುವ ತಾಯಿಯ ದನಿಯೂ ಒಂದೇ ಅಲ್ಲ. ಎದುರಿಗಿರುವವಳು ಮಗುವಿನ ಮುಖ ನೋಡಿ ತಡೆಯುತ್ತಾಳೆ, ಮಗು ಮುಲುಗಿದರೆ ಉತ್ತರಿಸುತ್ತಾಳೆ; ಆ ಕೊಡುಕೊಳ್ಳುವಿಕೆಯಲ್ಲೇ ಫಲವಿದ್ದರೆ ಸ್ಪೀಕರಿಗೆ ಅದು ದಕ್ಕದು. ಮೂರನೆಯದು, ಅವಧಿಪೂರ್ವ ಮಕ್ಕಳಲ್ಲಿ ಬಹುಪಾಲು 32 ವಾರ ದಾಟಿ ಹುಟ್ಟುವವರು, ಅಧ್ಯಯನಗಳು ಹೆಚ್ಚಾಗಿ ನೋಡಿರುವುದು ಅದಕ್ಕಿಂತ ಮುಂಚೆ ಹುಟ್ಟಿದವರನ್ನು. ತಂದೆಯ, ಅಜ್ಜಿಯ ದನಿಯ ಪಾಲೆಷ್ಟು ಎಂಬುದನ್ನೂ ಈ ಪ್ರಯೋಗಗಳು ಹೆಚ್ಚಾಗಿ ಕೇಳಿಲ್ಲ.

ಇಲ್ಲಿಯವರೆಗೆ ಹೆಸರಿಸಿದ ಅಧ್ಯಯನಗಳಲ್ಲಿ ಬಹುಪಾಲು ಯೂರೋಪು, ಅಮೆರಿಕ, ಚಿಲಿ, ಜಪಾನುಗಳವು. ಮನೆಯಲ್ಲಿ ತುಳುವೋ ಲಂಬಾಣಿಯೋ ಉರ್ದುವೋ ಆಡುವ ತಾಯಿ, ಕನ್ನಡ ಆಡುವ ನರ್ಸ್, ಇಂಗ್ಲಿಷ್ ಬೆರೆಸುವ ವೈದ್ಯರು ಇರುವ ವಾರ್ಡಿನಲ್ಲಿ ಕೂಸಿನ ಕಿವಿಗೆ ಬೀಳುವುದು ಮೂರು ಭಾಷೆಯ ಲಯ. ಅದು ತಾಯಿಯ ದನಿಯ ಗುರುತನ್ನು ತಡಮಾಡುತ್ತದೋ ಗಟ್ಟಿ ಮಾಡುತ್ತದೋ ಎಂಬುದನ್ನು ಪರೀಕ್ಷಿಸಲು ನಮ್ಮ ವಾರ್ಡುಗಳಿಗಿಂತ ತಕ್ಕ ಜಾಗವಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶು ಘಟಕಗಳಿವೆ. ಈ ಕೆಲಸ ಇಲ್ಲಿ ಶುರುವಾಗಬೇಕು.

ಅಧ್ಯಯನಗಳು ಮುಗಿಯುವವರೆಗೆ ತಾಯಂದಿರು ಬಾಗಿಲಾಚೆ ಕಾಯಬೇಕಿಲ್ಲ. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದರೆ 1ರಿಂದ 1.8 ಕಿಲೋ ತೂಕದ ಮಕ್ಕಳ ಸಾವು ಕಾಲುಭಾಗದಷ್ಟು ಇಳಿಯುತ್ತದೆಂದು ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗ 2021ರಲ್ಲಿ ತೋರಿಸಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಶಿಫಾರಸು ಮಾಡಿತು. ಸರ್ಕಾರಿ ವ್ಯವಸ್ಥೆಯೊಳಗೇ ಈ ಆರೈಕೆಯನ್ನು ಕಡಿಮೆ ತೂಕದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಲುಪಿಸಬಹುದೆಂದು ತೋರಿದ ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಎದೆಗವಚಿಕೊಂಡ ತಾಯಿಯ ದನಿ ಮಗುವಿಗೆ ಹೇಗೂ ಕೇಳಿಯೇ ಕೇಳುತ್ತದೆ. ಆದ್ದರಿಂದ ಜಿಲ್ಲಾ ಆಸ್ಪತ್ರೆಗಳ ಆಡಳಿತಕ್ಕೂ ಆರೋಗ್ಯ ಇಲಾಖೆಗೂ ಕೇಳಿಕೊಳ್ಳುವುದಿಷ್ಟು: ನವಜಾತ ಶಿಶು ಘಟಕದಲ್ಲಿ ಪ್ರತಿ ಮಗುವಿನ ಪಕ್ಕ ತಾಯಿಗೊಂದು ಕುರ್ಚಿ, ಒಂದು ಹಾಸಿಗೆ ಇಡಿ, ಹಗಲೂ ರಾತ್ರಿ ಅವಳಿಗೆ ಒಳಗಿರಲು ಬಿಡಿ, ಮಗುವಿನ ಜೊತೆ ಮಾತಾಡು ಎಂದು ನರ್ಸ್ ಮೂಲಕ ಹೇಳಿಸಿ.